ಆಟದೊಳಗಿನ ಅಜ್ಜಿ ಆಡಿದ ಮಾತು

ನರಿತಾ

ಜಪಾನಿಗೆ ಹೋಗಿ ಬಂದವರೆಲ್ಲ ಅಲ್ಲಿನ ಶಿಸ್ತು, ಶುಚಿ, ವಿನಯಗಳನ್ನು ಹೊಗಳಿದ್ದಾರೆ. ನಾನೂ ಹೊಗಳಬಲ್ಲೆ, ಅದೆಲ್ಲ ನಿಜವೇ. ಆದರೆ ಅಲ್ಲಿದ್ದ ಇಪ್ಪತ್ತು ದಿನಗಳಲ್ಲಿ ಹೆಚ್ಚು ಕಾಲ ನಾನು ಸಿಟ್ಟಿನಲ್ಲೇ ಇದ್ದೆ. ಆ ಸಿಟ್ಟನ್ನು ಬಿಟ್ಟು ಬರೆದರೆ ಸುಳ್ಳು ಬರೆದಂತಾಗುತ್ತದೆ.

ಸಿಟ್ಟು ಶುರುವಾದದ್ದು ಹುಬ್ಬಳ್ಳಿಯಲ್ಲೇ. ಅಲ್ಲಿನ ಕಾಲೇಜೊಂದರಲ್ಲಿ ನಾನು ಪತ್ರಿಕೋದ್ಯಮ ಕಲಿಸುತ್ತೇನೆ. ಸಿನಿಮಾ, ಧಾರಾವಾಹಿ, ಜಾಹೀರಾತುಗಳನ್ನು ಹೇಗೆ ಓದಬೇಕೆಂದು ಪಾಠ ಮಾಡುತ್ತ ಮಾಡುತ್ತ ವಿಡಿಯೋ ಗೇಮುಗಳ ಕಡೆ ಹೊರಳಿದೆ. ನನ್ನ ವಿದ್ಯಾರ್ಥಿಗಳು ಸಿನಿಮಾ ನೋಡುವುದಕ್ಕಿಂತ ಹೆಚ್ಚು ಹೊತ್ತು ಅದರೊಳಗೇ ಇರುತ್ತಾರೆ. ಅಲ್ಲೂ ಊರುಗಳಿವೆ, ಮೇಲು ಕೀಳುಗಳಿವೆ, ಯಾರು ಯಾವ ಮಾತಿನಲ್ಲಿ ಮಾತಾಡಬೇಕೆಂಬ ಕಟ್ಟಳೆಯಿದೆ. ಅದನ್ನೂ ಯಾರಾದರೂ ಕಣ್ಣಿಟ್ಟು ನೋಡಬೇಕಲ್ಲ. ಟೋಕಿಯೊದ ಒಂದು ವಿಚಾರ ಸಂಕಿರಣಕ್ಕೆ ನನ್ನ ಪ್ರಬಂಧ ಆಯ್ಕೆಯಾದಾಗ ರಜೆ ಕೇಳಲು ಹೋದೆ. ಆಡಳಿತ ಮಂಡಳಿಯ ಹಿರಿಯರೊಬ್ಬರು ಅರ್ಜಿ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಆಟ ಆಡ್ಲಿಕ್ಕೆ ರಜಾ ಕೊಡಬೇಕೇನ್ರಿ ಮೇಡಂ? ಹಂಗಾರ ನಮ್ಮ ಮೊಮ್ಮಗನ ಕಡೆಯಿಂದಾನೂ ಒಂದು ಅರ್ಜಿ ಬರಸ್ತೀನಿ" ಎಂದರು. ಸುತ್ತ ಕೂತವರು ನಕ್ಕರು. ರಜೆ ಸಿಕ್ಕಿತು, ಆ ನಗುವಿನ ಸಮೇತ.

ನರಿತಾ ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿ ನನ್ನ ಪೆಟ್ಟಿಗೆ ತೆರೆಸಿದ. ಕಡಕ್ ರೊಟ್ಟಿಯ ಕಟ್ಟನ್ನು ಹಳೆಯ ಕಾಗದಪತ್ರ ಹಿಡಿದಂತೆ ಎರಡು ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಒಂದು ರೊಟ್ಟಿ ಮುರಿಯಿತು. ಆತ ಸೊಂಟದವರೆಗೆ ಬಾಗಿ ಕ್ಷಮೆ ಕೇಳಿ, ಚೂರುಗಳನ್ನೆಲ್ಲ ಒಂದು ಬಿಳಿ ಕಾಗದಕ್ಕೆ ಒಟ್ಟುಗೂಡಿಸಿ, ಮಡಚಿ ನನ್ನ ಕೈಗಿತ್ತ. ನಮ್ಮ ಕಡೆ ಹೀಗೆ ಕೊಡುವುದು ವಿಭೂತಿಯನ್ನು ಮಾತ್ರ. ಬಂದ ಕಾರಣ ಕೇಳಿದ. ಗೇಮುಗಳ ಅಧ್ಯಯನ ಎಂದೆ. "ಓ, ಗೇಮು" ಎಂದು ಮುಗುಳ್ನಕ್ಕ. ಏಳು ಸಮುದ್ರ ದಾಟಿದರೂ ನಗು ಅದೇ ಇತ್ತು.

ಓಜಿಮಾ

ನಾನು ಉಳಿದುಕೊಂಡದ್ದು ಟೋಕಿಯೊದ ಓಜಿಮಾ ಬಡಾವಣೆಯ ದೊಡ್ಡ ವಸತಿ ಸಮುಚ್ಚಯದ ಒಂಬತ್ತನೆಯ ಮಹಡಿಯಲ್ಲಿ, ವಿನುತಾಳ ಮನೆಯಲ್ಲಿ. ಆಕೆ ನನ್ನ ಸಹೋದ್ಯೋಗಿಯೊಬ್ಬರ ತಂಗಿಯ ಮಗಳು, ಬೆಂಗಳೂರಿನ ವಿಜಯನಗರದವಳು. ಗಂಡ ಕಂಪ್ಯೂಟರ್ ಕಂಪನಿಯಲ್ಲಿದ್ದಾನೆ, ಹತ್ತು ವರ್ಷದ ಮಗಳು ಅನಿಕಾ. ಈಶಾನ್ಯ ಜಪಾನಿನ ದೊಡ್ಡ ಭೂಕಂಪ, ಸುನಾಮಿ ಆಗಿ ಆರೇಳು ವರ್ಷ ಕಳೆದಿತ್ತು. ಆದರೂ ಬಾಗಿಲ ಹಿಂದೆ ನೀರು, ಬ್ಯಾಟರಿ, ಬಿಸ್ಕತ್ತು ತುಂಬಿದ ಚೀಲವೊಂದು ನೇತಾಡುತ್ತಿತ್ತು.

"ನಾವು ಬಂದಿದ್ದು ಅದಾದ್ಮೇಲೆ ಮೇಡಂ. ಆದ್ರೂ ವಾರ್ಡ್ ಆಫೀಸ್‌ನೋರು ಇಟ್ಕೊಳ್ಳಿ ಅಂತಾರೆ, ಇಟ್ಕೊಂಡಿದೀವಿ" ಎಂದಳು ವಿನುತಾ.

ಊಟಕ್ಕೆ ಕೂತಾಗ ನಾನು, "ಪಲ್ಯ ಭಾಳ ಛಲೋ ಆಗೇದ ನೋಡವಾ, ಇನ್ನೊಂಚೂರು ಹಾಕು" ಎಂದೆ. ಅನಿಕಾ ಚಮಚ ಕೆಳಗಿಟ್ಟು ನನ್ನನ್ನೇ ನೋಡಿದಳು. ಆಮೇಲೆ ಅಮ್ಮನ ಕಡೆ ತಿರುಗಿ, "ಅಮ್ಮಾ, ವೈ ಡಸ್ ಆಂಟಿ ಟಾಕ್ ಲೈಕ್ ದ ಕಾಮಿಡಿ ಪೀಪಲ್?" ಎಂದು ಕೇಳಿದಳು.

ವಿನುತಾಳ ಮುಖ ಕೆಂಪಾಯಿತು. ಮಗುವಿನದೇನು ತಪ್ಪು? ಅದಕ್ಕೆ ಕನ್ನಡವೆಂದರೆ ಅಮ್ಮ ಅಪ್ಪ, ಮತ್ತೆ ಸಂಜೆ ಹಾಕುವ ಧಾರಾವಾಹಿ. ಅಲ್ಲಿ ನಾಯಕ ನಾಯಕಿ ಬೆಂಗಳೂರು ಮೈಸೂರಿನ ಕನ್ನಡ ಆಡುತ್ತಾರೆ. ನನ್ನ ಕನ್ನಡ ಆಡುವವರು ಕಾವಲುಗಾರ, ಮನೆಗೆಲಸದವಳು, ಕುಡುಕ. ನಾನು ಜಪಾನಿಗೆ ಬಂದದ್ದೇ ಈ ವಿಷಯ ಹಿಡಿದು.

ನನ್ನ ಪ್ರಬಂಧ ಒಂದು ಜಪಾನಿ ಆಟದ ಬಗ್ಗೆ. ಅದರ ಹೆಸರು ಹೇಳುವುದಿಲ್ಲ, ಹೇಳದಿರಲು ಒಬ್ಬರಿಗೆ ಮಾತು ಕೊಟ್ಟಿದ್ದೇನೆ. ಭೂಕಂಪಕ್ಕೆ ಕೆಲವು ವರ್ಷ ಮೊದಲು ಬಂದ ಸಣ್ಣ ಆಟ. ಜಪಾನಿನ ಈಶಾನ್ಯ ಕರಾವಳಿಯ ಒಂದು ಮೀನುಗಾರರ ಊರು. ಅಲ್ಲಿಗೆ ಬಂದು ನೆಲೆಸುವ ಹುಡುಗಿಯೊಬ್ಬಳನ್ನು ನಾವು ನಡೆಸುತ್ತ ಹೋಗಬೇಕು. ಊರಿನ ಡಾಕ್ಟರು, ಮೇಷ್ಟ್ರು, ಚೆಲುವ ತರುಣ ಎಲ್ಲರೂ ಅಲ್ಲೇ ಹುಟ್ಟಿ ಬೆಳೆದವರಾದರೂ ಟೋಕಿಯೊ ಮಾತೇ ಆಡುತ್ತಾರೆ. ಬಂದರಿನ ಪಕ್ಕದ ದಿನಸಿ ಅಂಗಡಿಯ ಅಜ್ಜಿಗೆ ಮಾತ್ರ ಹಳ್ಳಿ ಮಾತು. ಆಕೆ ಗಿರಾಕಿಗಳನ್ನು ಬೈಯುತ್ತಾಳೆ, ಶಬ್ದ ತಪ್ಪಾಡುತ್ತಾಳೆ. ಅವಳ ಕಣ್ಣೆದುರೇ ಸಾಮಾನು ಕದ್ದರೂ ಅವಳಿಗೆ ತಿಳಿಯುವುದಿಲ್ಲ. ಆಟ ಆಡಿದವರಿಗೆಲ್ಲ ಅವಳೆಂದರೆ ಪ್ರಾಣ, ನಗುವುದಕ್ಕೆ.

ಸುನಾಮಿ ಬಂದು ಅಂಥ ಊರುಗಳನ್ನೆಲ್ಲ ಎಳೆದೊಯ್ದ ಮೇಲೆ ಕಂಪನಿ ಈ ಆಟದ ಮಾರಾಟವನ್ನು ಸದ್ದಿಲ್ಲದೆ ನಿಲ್ಲಿಸಿತು. ಕಾರಣ ಹೇಳಲಿಲ್ಲ. ಒಂದು ದೇಶ ತಾನು ನಕ್ಕದ್ದನ್ನು ತಾನೇ ಬಚ್ಚಿಟ್ಟಿತು ಎಂಬುದು ನನ್ನ ಪ್ರಬಂಧದ ವಾದ. ಆದರೆ ನಾನು ಆಡಿದ್ದು ಅಭಿಮಾನಿಗಳು ಮಾಡಿದ ಇಂಗ್ಲಿಷ್ ಅನುವಾದ. ಅಜ್ಜಿಯ ಮೂಲ ಮಾತು ಕೇಳದೆ ವೇದಿಕೆ ಹತ್ತಬಾರದೆಂದು ಹತ್ತು ದಿನ ಮೊದಲೇ ಬಂದಿದ್ದೆ. ನನಗೆ ಜಪಾನಿ ಬರುವುದಿಲ್ಲ, ವಿನುತಾಳಿಗೆ ಚೆನ್ನಾಗಿ ಬರುತ್ತದೆ. ನಾಲ್ಕು ವರ್ಷ ವಾರ್ಡಿನ ಉಚಿತ ತರಗತಿಗೆ ಹೋಗಿ, ಮೇಲಿನ ಪರೀಕ್ಷೆಗಳನ್ನೂ ಪಾಸು ಮಾಡಿದ್ದಳು.

ಆ ತರಗತಿಯಲ್ಲಿ ಕಲಿಸುವವರು ಸಾತೋ-ಸಾನ್ (ಸಾನ್ ಎಂದರೆ ನಮ್ಮ 'ಅವರು' ಇದ್ದಂತೆ), ಅರವತ್ತೈದು ದಾಟಿದ ವಿಧವೆ. ಮೂರನೆಯ ದಿನ ಮಧ್ಯಾಹ್ನ ಚಹಾಕ್ಕೆ ಬಂದರು. ಒಂದೊಂದು ಶಬ್ದವನ್ನೂ ಒರೆಸಿ ಇಟ್ಟಂತೆ ಮಾತಾಡುವ ಹೆಂಗಸು. ವಿನುತಾ ನನ್ನ ಕೆಲಸದ ಬಗ್ಗೆ ಹೇಳಿದಳು. ಸಾತೋ-ಸಾನ್ ಬಟ್ಟಲನ್ನು ಕೈಯಲ್ಲೇ ತಿರುಗಿಸುತ್ತ, ಆಟದ ಊರು ಯಾವ ಕಡೆಯದೆಂದು ಕೇಳಿದರು. ಹೇಳಿದೆವು. "ನಾನೂ ಆ ಕಡೆಯವಳೇ" ಎಂದರು ಅವರು.

ವಿನುತಾ ಒಂದು ಕ್ಷಣ ಅನುವಾದ ಮಾಡುವುದನ್ನೇ ಮರೆತಳು. ಆಮೇಲೆ ನನ್ನ ಕಿವಿಯ ಹತ್ತಿರ, "ನಾಲ್ಕು ವರ್ಷದಿಂದ ನೋಡ್ತಿದೀನಿ ಮೇಡಂ. ಟೋಕಿಯೊನೋರೇ ಅಂದ್ಕೊಂಡಿದ್ದೆ" ಎಂದಳು.

ಸಮುದ್ರ ಮನೆಯನ್ನೂ ಗಂಡನ ದಿನಸಿ ಅಂಗಡಿಯನ್ನೂ ಒಯ್ದ ಮೇಲೆ ತಂಗಿ ಇರುವ ಓಜಿಮಾಕ್ಕೆ ಬಂದವರಂತೆ. ಇದನ್ನು ಬಸ್ಸು ತಪ್ಪಿದ ವಿಷಯ ಹೇಳುವ ದನಿಯಲ್ಲಿ ಹೇಳಿದರು. ಏಳುವಾಗ, ಆ ಆಟ ಸಿಕ್ಕಿದರೆ ತನಗೂ ತೋರಿಸಬೇಕೆಂದು ಕೇಳಿದರು. ತೋರಿಸುತ್ತೇನೆಂದು ಮಾತು ಕೊಟ್ಟೆ.

ಸಂಗ್ರಹಾಲಯ

ಟೋಕಿಯೊದ ಆಚೆ ಅಂಚಿನಲ್ಲಿ ಹಳೆಯ ಆಟಗಳನ್ನು ಕೂಡಿಟ್ಟಿರುವ ಒಂದು ಸಂಗ್ರಹಾಲಯವಿದೆ. ಮೊದಲೇ ಬರೆದು ಅನುಮತಿ ಪಡೆದಿದ್ದೆ. ನಾನೂ ವಿನುತಾಳೂ ಹೋದೆವು. ಅಲ್ಲಿನ ಅಧಿಕಾರಿ ಬಿಳಿ ಕೈಗವಸು ತೊಟ್ಟು, ಆಟದ ಪೆಟ್ಟಿಗೆಯನ್ನು ತಟ್ಟೆಯಲ್ಲಿಟ್ಟು ತಂದ. ನಮಗೂ ಕೈಗವಸು ಕೊಟ್ಟ. ಪೆಟ್ಟಿಗೆ ನೋಡಬಹುದು, ಒಳಗಿನ ಕೈಪಿಡಿ ಓದಬಹುದು, ಬೇಕಾದಷ್ಟು ಹೊತ್ತು ಕೂರಬಹುದು.

"ಆಡೋದು ಯಾವಾಗ?" ಎಂದೆ.

ಆತ ಬಹಳ ಹೊತ್ತು ಮಾತಾಡಿದ. ನಡುನಡುವೆ ಬಾಗಿದ, ಎರಡು ಸಲ ಕಣ್ಣು ಮುಚ್ಚಿದ, ಉಸಿರೆಳೆದುಕೊಂಡ. ಎಲ್ಲ ಮುಗಿದ ಮೇಲೆ ವಿನುತಾ ನನ್ನತ್ತ ತಿರುಗಿ, "ಆಗಲ್ಲವಂತೆ" ಎಂದಳು.

"ಅಷ್ಟೊತ್ತು ಹೇಳಿದ್ದು ಇಷ್ಟೇನಾ?"

"ತುಂಬಾ ಪೊಲೈಟ್ ಆಗಿ ಆಗಲ್ಲ ಅಂದ್ರು ಮೇಡಂ. ಕನ್ನಡದಲ್ಲಿ ಅದಕ್ಕೆಲ್ಲ ಜಾಗ ಇಲ್ಲ."

ಕಂಪನಿ ಮುಚ್ಚಿದ ಮೇಲೆ ಹಕ್ಕುಸ್ವಾಮ್ಯ ಯಾರ ಬಳಿ ಹೋಯಿತೆಂದು ಗೊತ್ತಿಲ್ಲ, ಆದ್ದರಿಂದ ಯಂತ್ರಕ್ಕೆ ಹಾಕುವಂತಿಲ್ಲ. ಕಾಪಾಡಬಹುದು, ಆಡುವಂತಿಲ್ಲ. ನನಗೆ ತಡೆಯಲಾಗಲಿಲ್ಲ. ಪುಸ್ತಕದ ಹೊದಿಕೆ ನೋಡಿ ಹೋಗಿ ಎನ್ನುವ ಗ್ರಂಥಾಲಯ ಎಲ್ಲಾದರೂ ಉಂಟೇ, ತಣ್ಣಗಿನ ಕೋಣೆಯಲ್ಲಿ ಇಟ್ಟಿರುವುದು ಆಟವೋ ಅದರ ಹೆಣವೋ ಎಂದು ಕೇಳಿದೆ. ಹೆಣ ಎಂಬ ಮಾತನ್ನು ವಿನುತಾ ಅನುವಾದಿಸಲಿಲ್ಲವೆಂದು ಆಮೇಲೆ ತಿಳಿಯಿತು. ಆತ ಮತ್ತೆ ಬಾಗಿದ. ಬಾಗುವವರ ಜೊತೆ ಜಗಳ ಮಾಡುವುದು ಹತ್ತಿಯ ಮೂಟೆಗೆ ಗುದ್ದಿದ ಹಾಗೆ. ನಮ್ಮ ಕಚೇರಿಗಳಲ್ಲಾದರೆ ಗುಮಾಸ್ತ ತಿರುಗಿ ಬೈದು ನಮ್ಮ ಸಿಟ್ಟಿಗೊಂದು ಮರ್ಯಾದೆ ಕೊಡುತ್ತಾನೆ.

ನಾನು ಹೀಗೆ ಕುದಿಯುತ್ತಿದ್ದಾಗ ವಿನುತಾ ಕೈಪಿಡಿಯ ಕೊನೆಯ ಪುಟ ಓದುತ್ತಿದ್ದಳು. ಅಲ್ಲಿ ಕೆಲಸ ಮಾಡಿದವರ ಹೆಸರುಗಳಿದ್ದವು. ಸಂಭಾಷಣೆ ಬರೆದವನ ಹೆಸರನ್ನು ತನ್ನ ಚೀಟಿಯಲ್ಲಿ ಬರೆದುಕೊಂಡಳು. ಎರಡು ದಿನ ಹುಡುಕಿ ಆತನ ವಿಳಾಸ ಹಿಡಿದಳು. ಪತ್ರ ಬರೆದವಳೂ ಅವಳೇ. ಕೋಬೆಗೆ ಬನ್ನಿ ಎಂದು ಉತ್ತರ ಬಂತು.

ಕೋಬೆ

ಕೋಬೆಯ ಬೆಟ್ಟ ಸಮುದ್ರಗಳ ನಡುವಿನ ಒಂದು ಕಾಫಿ ಅಂಗಡಿಯಲ್ಲಿ, ಸಂಭಾಷಣೆ ಬರೆದ ಮೊರಿತಾ-ಸಾನ್ ಕಾಯುತ್ತಿದ್ದರು. ನಲವತ್ತರ ಆಸುಪಾಸು, ಈಗ ಬೇಕರಿಗಳಿಗೆ ಹಿಟ್ಟು ತಲುಪಿಸುವ ಕೆಲಸ. ಆಟಗಳ ಕೆಲಸ ಬಿಟ್ಟು ಬಹಳ ಕಾಲವಾಗಿತ್ತು.

ನಾನು ಸುತ್ತಿ ಬಳಸದೆ ಕೇಳಿದೆ. ಅಜ್ಜಿಯ ಮಾತನ್ನು ಎಲ್ಲಿಂದ ತಂದಿರಿ? ಆ ಕಡೆಯವರೇ?

ಅಲ್ಲ, ಹುಟ್ಟಿದ್ದು ಬೆಳೆದದ್ದು ಕೋಬೆಯಲ್ಲೇ ಎಂದರು. ಈಶಾನ್ಯಕ್ಕೆ ಒಮ್ಮೆಯೂ ಹೋಗಿರಲಿಲ್ಲವಂತೆ. ಕೊಟ್ಟಿದ್ದು ಒಂದು ವಾರ. ಟೀವಿಯ ಹಾಸ್ಯ ಕಾರ್ಯಕ್ರಮಗಳನ್ನು ನೋಡಿ ಬರೆದದ್ದು.

"ಟೀವಿ ನೋಡಿ ಒಂದು ಊರಿನ ಮಾತು ಬರದ್ರ್ಯಾ? ಅಲ್ಲಿಯವ್ರನ್ನ ಒಬ್ಬರನ್ನರ ಕೇಳಬೇಕು ಅನ್ನಸಲಿಲ್ಲೇನ್ರಿ ನಿಮಗ?" ಸಿಟ್ಟು ಬಂದಾಗ ನನ್ನ ಬಾಯಲ್ಲಿ ನನ್ನ ಊರೇ ಬರುತ್ತದೆ.

"ಮೇಡಂ, ಸ್ವಲ್ಪ ನಿಧಾನ, ನನಗೇ ಅರ್ಥ ಆಗ್ತಿಲ್ಲ" ಎಂದಳು ವಿನುತಾ. ಆದರೆ ಅನುವಾದಿಸುವ ಮೊದಲೇ ಮೊರಿತಾ-ಸಾನ್‌ಗೆ ದನಿ ಅರ್ಥವಾಗಿತ್ತು. ಅವರು ತಲೆ ತಗ್ಗಿಸಿ ಹೇಳತೊಡಗಿದರು. 1995ರಲ್ಲಿ ಕೋಬೆಯಲ್ಲೇ ಭೂಕಂಪವಾದಾಗ ಅವರು ಶಾಲೆಯಲ್ಲಿ ಓದುತ್ತಿದ್ದರು. ಟೀವಿಯವರು ಬಂದು, ಅಳುವವರನ್ನು ಹುಡುಕುತ್ತ, ನಿಮ್ಮ ಭಾಷೆಯಲ್ಲೇ ಮಾತಾಡಿ, ಚೆನ್ನಾಗಿರುತ್ತದೆ ಎಂದಿದ್ದರಂತೆ. ಅದನ್ನು ಕಂಡಿದ್ದ ಅವರೇ ಮುಂದೆ ಆ ಅಜ್ಜಿಯನ್ನು ಬರೆದಿದ್ದರು. ಆಮೇಲೆ ಸುನಾಮಿ ಬಂತು. ಟೀವಿಯಲ್ಲಿ ಮುದುಕಿಯೊಬ್ಬಳು ಮನೆಯ ಅಡಿಪಾಯದ ಮೇಲೆ ನಿಂತು ತನ್ನ ಮಾತಿನಲ್ಲಿ ಏನೋ ಹೇಳುತ್ತಿದ್ದಳು. ಕೆಳಗೆ ಟೋಕಿಯೊ ಮಾತಿನಲ್ಲಿ ಅಡಿಬರಹ ಹಾಕಿದ್ದರು. ಅವಳ ಮಾತಿಗೂ ತಾವು ಬರೆದದ್ದಕ್ಕೂ ಸಂಬಂಧವೇ ಇರಲಿಲ್ಲ. ಅಂದೇ ಕಂಪನಿಗೆ ಪತ್ರ ಬರೆದರು, ಇದನ್ನು ಮಾರಬೇಡಿ ಎಂದು.

"ನಿಲ್ಲಿಸಿದ್ದು ನೀವಾ?"

"ನಾನು ಕೇಳಿಕೊಂಡೆ. ಅವರಿಗೂ ಹೆದರಿಕೆಯಿತ್ತು, ಒಪ್ಪಿದರು."

ನನ್ನ ಪ್ರಬಂಧದ ಅರ್ಧ ಅಲ್ಲೇ ಕುಸಿಯಿತು. ಹುಬ್ಬಳ್ಳಿಯಲ್ಲಿ ಕೂತು ಒಂದು ದೇಶದ ಮನಸ್ಸನ್ನು ಓದಿಬಿಟ್ಟಿದ್ದೆನಲ್ಲ, ಅಲ್ಲಿಯವರನ್ನು ಒಬ್ಬರನ್ನಾದರೂ ಕೇಳಿದ್ದೆನೇ? ನಾಚಿಕೆಯಾಯಿತು. ನಾಚಿಕೆಯ ಮೇಲೆ ಇನ್ನಷ್ಟು ಸಿಟ್ಟು ಬಂತು. ತಪ್ಪು ಬರೆದದ್ದು ತಿಳಿದ ಮೇಲೆ ತಿದ್ದಬೇಕಿತ್ತು, ಸರಿಯಾಗಿ ಮತ್ತೆ ಬರೆಯಬೇಕಿತ್ತು, ಅಳಿಸಿ ಕೂತರೆ ಯಾರಿಗೇನು ಸಿಕ್ಕಿತು ಎಂದೆ. ಮೊರಿತಾ-ಸಾನ್ ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ನನ್ನ ಮುಂದಿಟ್ಟರು. ಒಳಗೆ ಅಂಗೈಯಗಲದ ಆಟದ ಯಂತ್ರ, ಅದರಲ್ಲಿ ಆ ಆಟ. ಆಟದ ಹೆಸರನ್ನೂ ತಮ್ಮ ನಿಜ ಹೆಸರನ್ನೂ ಬರೆಯಬೇಡಿ ಎಂಬುದೊಂದೇ ಕೇಳಿಕೆ. ಮೊರಿತಾ ಎಂಬುದು ನಾನಿಟ್ಟ ಹೆಸರು.

ಮತ್ತೆ ಓಜಿಮಾ

ಸಾತೋ-ಸಾನ್ ಬೆಳಿಗ್ಗೆ ಹತ್ತಕ್ಕೆ ಬಂದರು. ಅನಿಕಾ ಶಾಲೆಗೆ ಹೋಗಿದ್ದಳು. ಮೂವರೂ ಸೋಫಾದಲ್ಲಿ ಒತ್ತಿಕೊಂಡು ಕೂತು ಆ ಪುಟ್ಟ ಪರದೆಯ ಮೇಲೆ ತಲೆ ಬಗ್ಗಿಸಿದೆವು. ಗುಂಡಿ ಒತ್ತುವುದನ್ನು ನಾನು ತೋರಿಸಿಕೊಟ್ಟೆ. ಹುಡುಗಿ ಬಂದರಿನ ದಾರಿಯಲ್ಲಿ ನಡೆದಳು, ಅಂಗಡಿಯ ಬಾಗಿಲು ಸರಿಯಿತು, ಅಜ್ಜಿ ಬಾಯಿ ತೆರೆದಳು. ಅಕ್ಷರಗಳು ಒಂದೊಂದಾಗಿ ಮೂಡಿದವು.

ನಾನು ಸಾತೋ-ಸಾನ್ ಮುಖವನ್ನೇ ನೋಡುತ್ತಿದ್ದೆ. ಅಳುತ್ತಾರೆಂದು ಹೆದರಿದ್ದೆ. ಅವರು ಅಳಲಿಲ್ಲ. ಹುಬ್ಬು ಗಂಟಿಕ್ಕಿ ಗುಂಡಿ ಒತ್ತಿದರು, ಮತ್ತೆ ಒತ್ತಿದರು. ಅಜ್ಜಿಯ ಹತ್ತು ಹನ್ನೆರಡು ಮಾತು ಮುಗಿದ ಮೇಲೆ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು, "ಇದು ತಪ್ಪು" ಎಂದರು.

ವಿನುತಾ ಪುಸ್ತಕ, ಪೆನ್ನು ತೆಗೆದುಕೊಂಡಳು. ಸಾತೋ-ಸಾನ್ ಮೊದಲಿಂದ ಶುರು ಮಾಡಿದರು. ಎಲ್ಲ ಮಾತಿನ ಕೊನೆಗೂ 'ಬೆ' ಅಂಟಿಸಿದ್ದಾನೆ. ಅದು ಊಹೆ ಹೇಳುವಾಗ, ಹೋಗೋಣ ಮಾಡೋಣ ಎನ್ನುವಾಗ ಬರುವ ಮಾತು, ಕಂಡಕಂಡಲ್ಲಿ ಬರುವುದಿಲ್ಲ. ಮತ್ತೆ ಈ ಅಜ್ಜಿ ಗಿರಾಕಿಯನ್ನು ಏಕವಚನದಲ್ಲಿ ಕರೆಯುತ್ತಾಳೆ. "ನಮ್ಮ ಅತ್ತೆ ಐವತ್ತು ವರ್ಷ ಅಂಗಡಿಯಲ್ಲಿ ಕೂತವರು. ಹಾಲು ಕುಡಿಯುವ ಮಗು ಬಂದರೂ ಗಿರಾಕಿಯ ಮಾತೇ ಬೇರೆ. ನಮ್ಮ ಮಾತಿನಲ್ಲಿ ಗೌರವವೇ ಇಲ್ಲ ಅಂದುಕೊಂಡಿದ್ದಾನೆ."

ವಿನುತಾ ಇದನ್ನು ಕನ್ನಡದಲ್ಲಿ ಹೇಳಿ ಮುಗಿಸಿದಾಗ ನನಗೆ ನಮ್ಮ ಊರ ಮಾತು ನೆನಪಾಯಿತು. ನಮ್ಮ ಧಾರಾವಾಹಿಗಳಲ್ಲಿ ನನ್ನ ಕಡೆಯವರು ಬಾಯಿ ತೆರೆದರೆ 'ಲೇ' ಎನ್ನುತ್ತಾರೆ. ಮೂರು ವರ್ಷದ ಕೂಸಿಗೂ 'ಬರ್ರಿ, ಕೂಡ್ರಿ' ಎನ್ನುವ ಮಂದಿ ನಾವು. ಆ 'ರೀ' ಯಾವ ಲೇಖಕನ ಕಿವಿಗೂ ಬಿದ್ದಿಲ್ಲ. ಇದನ್ನು ಸಾತೋ-ಸಾನ್‌ಗೆ ಹೇಳಿಸಿದೆ. ಅವರು ನನ್ನ ಕಡೆ ತಿರುಗಿ ಕೂತು, "ನಿಮ್ಮಲ್ಲೂ ಇದೆಯಾ?" ಎಂದರು. ಇದೆ ಎಂದೆ.

ಅಲ್ಲಿಂದ ಅವರು ಬೇರೆ ಮನುಷ್ಯರೇ ಆದರು. ಅತ್ತೆ ಏನೆನ್ನುತ್ತಿದ್ದರು, ಗಿರಾಕಿ ಏನೆನ್ನುತ್ತಿದ್ದ, ಮೀನು ಸಿಗದ ದಿನ ಸಾಲಾಗಿ ಕೂತ ಗಂಡಸರಿಗೆ ಹೇಗೆ ಉಪಚಾರ ಹೇಳುತ್ತಿದ್ದರು, ಎಲ್ಲವನ್ನೂ ತಮ್ಮ ಮಾತಿನಲ್ಲೇ ಆಡಿ ತೋರಿಸಿದರು. ಸ್ವರ ತಗ್ಗಿತು, ಶಬ್ದಗಳು ಒಂದರೊಳಗೊಂದು ಬೆರೆತವು, ಕೈಗಳು ಓಡಾಡಿದವು. ವಿನುತಾ ಮೂರು ಸಲ 'ಸುಮಿಮಾಸೆನ್', ಕ್ಷಮಿಸಿ, ಎಂದು ನಿಲ್ಲಿಸಿ ಅರ್ಥ ಕೇಳಬೇಕಾಯಿತು. ಅಜ್ಜಿಯ ಅಷ್ಟೂ ಮಾತುಗಳ ಪಕ್ಕದಲ್ಲಿ ಸರಿಯಾದ ಮಾತು ಬರೆದಾಗ ಊಟದ ಹೊತ್ತು ಮೀರಿತ್ತು. ಉಳಿದಿದ್ದ ರೊಟ್ಟಿಯನ್ನು ಮೂವರೂ ಮೊಸರಿನಲ್ಲಿ ತಿಂದೆವು.

ಸಭಾಂಗಣ

ಪ್ರಬಂಧವನ್ನು ಹೊಸದಾಗಿ ಬರೆದೆ. ವಾದ ನನ್ನದು, ಆದರೆ ಅದರ ಜೀವ ಸಾತೋ-ಸಾನ್, ವಿನುತಾ ಇಬ್ಬರದು. ಮೂವರ ಹೆಸರನ್ನೂ ಹಾಕಿ ಸಂಘಟಕರಿಗೆ ಕಳಿಸಿದೆ. ವಿನಯದ ಉತ್ತರ ಬಂತು: ಸಂಸ್ಥೆಯ ಹೆಸರಿಲ್ಲದವರನ್ನು ಲೇಖಕರೆಂದು ಹಾಕಲು ನಮೂನೆಯಲ್ಲಿ ಜಾಗವಿಲ್ಲ, ಕೊನೆಯಲ್ಲಿ ಕೃತಜ್ಞತೆ ಹೇಳಬಹುದು.

"ಬಿಡಿ ಮೇಡಂ, ಇಲ್ಲಿ ನನ್ನ ವೀಸಾ ಕಾರ್ಡ್ ಮೇಲೂ ಗಂಡನ ಡಿಪೆಂಡೆಂಟ್ ಅಂತಾನೇ ಇರೋದು" ಎಂದಳು ವಿನುತಾ. ಅವಳು ನಗುತ್ತಲೇ ಹೇಳಿದಳು, ನನಗೆ ನಗು ಬರಲಿಲ್ಲ. ಇಬ್ಬರ ಹೆಸರ ಮುಂದೆಯೂ 'ಓಜಿಮಾ ಜಪಾನಿ ತರಗತಿ' ಎಂದು ತುಂಬಿ ಮತ್ತೆ ಕಳಿಸಿದೆ. ನಮೂನೆ ಒಪ್ಪಿಕೊಂಡಿತು. ಮನುಷ್ಯರು ಒಪ್ಪಲಿಲ್ಲ. ಸಂಕಿರಣದ ದಿನ ಬೆಳಿಗ್ಗೆ ಕೈಗೆ ಬಂದ ಅಚ್ಚಾದ ಪಟ್ಟಿಯಲ್ಲಿ ನನ್ನೊಬ್ಬಳ ಹೆಸರಿತ್ತು. ಶೀರ್ಷಿಕೆಯನ್ನೂ ಬದಲಾಯಿಸಿದ್ದರು: 'ಭಾರತದಿಂದ ಒಂದು ನೋಟ'. ಪಟ್ಟಿಯಲ್ಲಿ ನನಗಿಂತ ಮೊದಲಿದ್ದ ಜರ್ಮನ್ ವಿದ್ವಾಂಸರದು ಜರ್ಮನಿಯಿಂದ ಒಂದು ನೋಟವಾಗಿರಲಿಲ್ಲ, ಅವರದು ಸಿದ್ಧಾಂತ.

ಅಧ್ಯಕ್ಷತೆ ವಹಿಸಿದ್ದ ಪ್ರಾಧ್ಯಾಪಕರು ಸೌಮ್ಯ ಮನುಷ್ಯ. ಅವರ ಮುಂದೆ ಮೇಜಿನ ಮೇಲೆ ಒಂದು ಹಿತ್ತಾಳೆಯ ಗಂಟೆ. ಹದಿನೈದು ನಿಮಿಷಕ್ಕೆ ಒಂದು ಸಲ ಬಡಿದರೆ ಮಾತು ಮುಗಿಸಬೇಕು, ಇಪ್ಪತ್ತಕ್ಕೆ ಎರಡು ಸಲ ಬಡಿದರೆ ಪ್ರಶ್ನೆಗಳನ್ನೂ. ನಾನು ಮೈಕಿನ ಮುಂದೆ ಹೋಗಿ, ಮೊದಲಿಗೆ, ಪಟ್ಟಿಯಲ್ಲಿ ಇಬ್ಬರ ಹೆಸರು ಬಿಟ್ಟುಹೋಗಿದೆ ಎಂದೆ. ಎರಡೂ ಹೆಸರನ್ನು ಗಟ್ಟಿಯಾಗಿ ಹೇಳಿ, ಅವರನ್ನು ವೇದಿಕೆಗೆ ಕರೆದು, ಅಧ್ಯಕ್ಷರ ಪಕ್ಕದ ಖಾಲಿ ಕುರ್ಚಿಗಳಲ್ಲಿ ಕೂರಿಸಿ, ನಾನೂ ಒಂದರಲ್ಲಿ ಕೂತೆ. ಆರು ನಿಮಿಷ ಇಂಗ್ಲಿಷಿನಲ್ಲಿ ಓದಿದೆ. ನನ್ನ ಮೊದಲ ವಾದ ಎಲ್ಲಿ ತಪ್ಪಿತ್ತೆಂದೂ ಹೇಳಿದೆ. ಆಮೇಲೆ ಮೈಕನ್ನು ಸಾತೋ-ಸಾನ್ ಕಡೆ ಸರಿಸಿದೆ.

ಅವರು ಆಟದ ಅಜ್ಜಿಯ ಮೊದಲ ಮಾತು ಓದಿದರು. ಮುಂದಿನ ಸಾಲಿನ ತರುಣರಿಗೆ ಅದು ಬಾಯಿಪಾಠವಿತ್ತೇನೋ, ನಕ್ಕರು. ಸಾತೋ-ಸಾನ್ ನಗು ಮುಗಿಯುವವರೆಗೆ ಕಾದು, ಅದರ ಪಕ್ಕದ ಸರಿಯಾದ ಮಾತನ್ನು ಆಡಿದರು. ಯಾರೂ ನಗಲಿಲ್ಲ. ಎರಡನೆಯ ಮಾತಿಗೆ ನಗು ಸಣ್ಣದಾಯಿತು. ಆರನೆಯದಕ್ಕೆ ಪೂರ್ತಿ ನಿಂತಿತು. ವಿನುತಾ ಪ್ರತಿಯೊಂದನ್ನೂ ಟೋಕಿಯೊ ಮಾತಿಗೂ ಇಂಗ್ಲಿಷಿಗೂ ತಿರುಗಿಸಿ ಹೇಳಿದಳು, ಒಮ್ಮೆಯೂ ತಡವರಿಸದೆ.

ಗಂಟೆ ಒಂದು ಸಲ ಬಡಿಯಿತು. ಪ್ರಶ್ನೆಗಳಿವೆಯೇ ಎಂದು ಅಧ್ಯಕ್ಷರು ಕೇಳಿದರು. ಪಂಡಿತರೆಲ್ಲ ಕಾಗದ ನೋಡುತ್ತಿದ್ದರು. ಹಿಂದೆ, ಗೋಡೆಯ ಹತ್ತಿರ, ಮೈಕು ತಂತಿಗಳನ್ನು ನೋಡಿಕೊಳ್ಳುತ್ತಿದ್ದ ಐವತ್ತರ ಗಂಡಸೊಬ್ಬ ಕೈ ಎತ್ತಿದ. ಆತ ಕೇಳಬಹುದೋ ಬಾರದೋ ಎಂದು ಅಧ್ಯಕ್ಷರು ತೀರ್ಮಾನಿಸುವಷ್ಟರಲ್ಲಿ ಏನೋ ಕೇಳಿಯೇಬಿಟ್ಟ, ತಗ್ಗಿದ ಸ್ವರದಲ್ಲಿ, ಶಬ್ದಗಳನ್ನು ಒಂದರೊಳಗೊಂದು ಬೆರೆಸಿ. ಸಾತೋ-ಸಾನ್ ಕುರ್ಚಿಯಿಂದ ಅರ್ಧ ಎದ್ದರು. ಉತ್ತರ ಹೇಳಿದರು. ಆತ ಇನ್ನೇನೋ ಕೇಳಿದ, ಅವರು ಕೈಯಲ್ಲಿ ಗಾಳಿಯ ಮೇಲೆ ಒಂದು ಕೊಲ್ಲಿಯ ಆಕಾರ ಬರೆದು ತೋರಿಸಿದರು.

"ಏನಂತ?" ಎಂದು ವಿನುತಾಳನ್ನು ಕೇಳಿದೆ.

"ಯಾವ ಕೊಲ್ಲಿಯೋರು ಅಂತ ಕೇಳಿದ್ರು. ಆಮೇಲಿಂದ ನನಗೂ ಗೊತ್ತಾಗ್ತಿಲ್ಲ ಮೇಡಂ."

ಸಭೆಯಲ್ಲಿ ಅವರಿಬ್ಬರನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಮಾತಾಡುತ್ತಲೇ ಇದ್ದರು. ಅಧ್ಯಕ್ಷರು ಗಡಿಯಾರ ನೋಡಿ ಗಂಟೆಯತ್ತ ಕೈ ಚಾಚಿದರು. ಅಷ್ಟರಲ್ಲಿ ನಾನು ಗಂಟೆಯನ್ನೆತ್ತಿ, ಅದರ ನಾಲಗೆಯನ್ನು ಬೆರಳಲ್ಲಿ ಬಿಗಿಯಾಗಿ ಹಿಡಿದು, ನನ್ನ ಮಡಿಲಲ್ಲಿಟ್ಟುಕೊಂಡೆ.